ಮೊದಲು ಚೀಟಿ, ಆಮೇಲೆ ಮೊಬೈಲ್

ಶಿರಸಿಯ ನಮ್ಮ ಕೇರಿಯಲ್ಲಿ ನಾವು ನಾಲ್ಕು ಜನ ಸೇರಿ ಹಿರಿಯರಿಗೆ ಆನ್‌ಲೈನ್‌ನಲ್ಲಿ ದಿನಸಿ ತರಿಸಿಕೊಡುತ್ತೇವೆ. ನೀವೂ ಮಾಡುವುದಾದರೆ ಮೊದಲು ಚೀಟಿ ಬರೆದುಕೊಳ್ಳಿ. ‘ಅಕ್ಕಿ’ ಎಂದರೆ ಯಾವ ಅಕ್ಕಿ ಅಂತ ಕೇಳಿ. ನಾನೊಮ್ಮೆ ಕೇಳದೆ ಸೋನಾ ಮಸೂರಿ ತರಿಸಿದೆ. ಅಜ್ಜಿಗೆ ಬೇಕಿದ್ದದ್ದು ಗಂಜಿಗೆ ಕುಚ್ಚಲಕ್ಕಿ! ಆ ಐದು ಕಿಲೋ ಈಗ ನಮ್ಮ ಮನೆಯ ಡಬ್ಬಿಯಲ್ಲಿದೆ.

ಆಪ್‌ನಲ್ಲಿ 581401 ಪಿನ್‌ಕೋಡ್ ಹಾಕಿ, ಸಾಮಾನು ಇಲ್ಲಿಗೆ ಬರುತ್ತದಾ ನೋಡಿ. ವಿಳಾಸಕ್ಕೆ ಗುರುತು ಸೇರಿಸಿ: ‘ದೇವಿಕೆರೆ ಹತ್ತಿರ, ಹಲಸಿನ ಮರದ ಎದುರು’. ಪಕ್ಕದಲ್ಲೇ ಕೂತು ತೂಕ, ಬೆಲೆ, ಡೆಲಿವರಿ ಖರ್ಚು ಗಟ್ಟಿಯಾಗಿ ಓದಿ ಹೇಳಿ. ಅವರು ಹೂಂ ಅಂದ ಮೇಲೆಯೇ ಆರ್ಡರ್.

ದುಡ್ಡಿನ ವಿಷಯದಲ್ಲಿ ನಾನು ಬಿಗಿ. ಸಾಮಾನು ಬಂದ ಮೇಲೆ ನಗದು ಕೊಡುವುದೇ ಒಳ್ಳೆಯದು. ಅವರ ಯುಪಿಐ ಪಿನ್ ಕೇಳಬೇಡಿ, ತಾವಾಗಿಯೇ ಹೇಳಲು ಬಂದರೂ ತಡೆಯಿರಿ. ದುಡ್ಡು ವಾಪಸ್ ಬರಲು ಪಿನ್ ಬೇಕಿಲ್ಲ ಅಂತ ಹೇಳಿಕೊಡಿ. ಮೋಸ ಆಯಿತಾ? ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜೋನಿ ಬೆಲ್ಲ (ನೀರು ಬೆಲ್ಲ), ಮುರುಗಲು (ಕೋಕಂ) ಸಿಪ್ಪೆಯನ್ನು ಸುಮ್ನೆ ಆಪ್‌ನಲ್ಲಿ ಹುಡುಕಬೇಡಿ, ಪೇಟೆಯಲ್ಲೇ ಸಿಗುತ್ತದೆ ಅಲ್ವಾ. ಮತ್ತೆ, ಅರ್ಧ ಗಂಟೆ ಜಾಸ್ತಿ ಇಟ್ಟುಕೊಂಡು ಹೋಗಿ. ಕಷಾಯ ಕುಡಿಯದೆ ಏಳಲು ಹಿರಿಯರು ಬಿಡುವುದಿಲ್ಲ.