ಪಾದರಸ ಉರುಳುತ್ತದೆ, ಗ್ಯಾಲಿನ್‌ಸ್ಟಾನ್ ಅಂಟುತ್ತದೆ

ಪ್ರಯೋಗಾಲಯದ ಪಾದರಸದ ಥರ್ಮಾಮೀಟರುಗಳನ್ನು ಪರೀಕ್ಷಿಸಿ ಸರಿಯಾಗಿಡುವುದು ನನ್ನ ಕೆಲಸ. ಪಾದರಸದ ಬದಲು ಗ್ಯಾಲಿನ್‌ಸ್ಟಾನ್ ಎಂಬ ದ್ರವ ಮಿಶ್ರಲೋಹ ತುಂಬಿದ, ಜ್ವರ ನೋಡುವ ಥರ್ಮಾಮೀಟರುಗಳೂ ನನ್ನ ಕೈಗೆ ಬರುತ್ತವೆ. ಹೊಳಪು ನೋಡಿದರೆ ಎರಡೂ ಲೋಹಗಳು ಒಂದೇ ಎನಿಸುತ್ತದೆ. ಗಾಜನ್ನು ಮುಟ್ಟಿದಾಗ ಅವುಗಳ ಗುಣ ಬಯಲಾಗುತ್ತದೆ.

ಪಾದರಸ ಗಾಜಿಗೆ ಅಂಟುವುದಿಲ್ಲ. ನಳಿಗೆಯಲ್ಲಿ ಅದರ ತುದಿ ಉಬ್ಬಿ ನಿಲ್ಲುತ್ತದೆ. ನಾನು ಕಣ್ಣನ್ನು ಆ ಉಬ್ಬಿನ ನೆತ್ತಿಯ ಮಟ್ಟಕ್ಕೇ ತಂದು ಅಳತೆ ಓದುತ್ತೇನೆ. ಸೊನ್ನೆಯನ್ನು ಪರೀಕ್ಷಿಸಲು ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ, ಸಂದುಗಳೆಲ್ಲ ತುಂಬುವಷ್ಟೇ ನೀರು ಹಾಕಿ, ಥರ್ಮಾಮೀಟರಿನ ಕೆಳತುದಿಯ ಪಾದರಸ ತುಂಬಿದ ಬುರುಡೆಯನ್ನು ಅದರಲ್ಲಿ ಹುದುಗಿಸುತ್ತೇನೆ. ಪಾದರಸ ಅಲುಗಾಡದೆ ನಿಲ್ಲುವವರೆಗೂ ಕಾಯಲೇಬೇಕು. ಹಳೆಯ ಥರ್ಮಾಮೀಟರು ಸೊನ್ನೆಗಿಂತ ತುಸು ಮೇಲೆ ತೋರಿಸಿದರೆ ನನಗೆ ಆಶ್ಚರ್ಯವಾಗುವುದಿಲ್ಲ. ವರ್ಷಗಳು ಕಳೆದಂತೆ ಬುರುಡೆಯ ಗಾಜು ಕುಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತದೆ. ಆ ವ್ಯತ್ಯಾಸವನ್ನು ಬರೆದಿಟ್ಟು ಮುಂದಿನ ಅಳತೆಗಳಿಂದ ಕಳೆದರಾಯಿತು, ಎಸೆಯುವ ಅಗತ್ಯವಿಲ್ಲ.

ಸಾಗಾಟದಲ್ಲಿ ಪಾದರಸದ ಎಳೆ ತುಂಡಾಗುವುದುಂಟು. ಸೊನ್ನೆಯ ಗೆರೆ ಬುರುಡೆಗೆ ಹತ್ತಿರವಿರುವ ಥರ್ಮಾಮೀಟರಾದರೆ ಅದನ್ನು ನೆಟ್ಟಗೆ ಹಿಡಿದು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಇಳಿಬಿಡುತ್ತೇನೆ. ಎಳೆಯೆಲ್ಲ ಬುರುಡೆಯೊಳಗೆ ಇಳಿದ ಮೇಲೆ ಮೆಲ್ಲಗೆ ತಟ್ಟಿದರೆ ಗುಳ್ಳೆ ಬಿಟ್ಟುಕೊಂಡು ತುಂಡುಗಳು ಕೂಡಿಕೊಳ್ಳುತ್ತವೆ. ಮತ್ತೆ ಬೆಚ್ಚಗಾಗಲು ಅವಸರಪಡಿಸುವುದಿಲ್ಲ. ಪಾದರಸ ಹೆಪ್ಪುಗಟ್ಟುವುದು ಸೊನ್ನೆಗಿಂತ 38.8 ಡಿಗ್ರಿ ಸೆಲ್ಸಿಯಸ್ ಕೆಳಗೆ. ಉಪ್ಪಿನ ಮಂಜು ಅಷ್ಟು ತಣ್ಣಗಾಗದ ಕಾರಣ ಆ ಭಯವಿಲ್ಲ.

ಗ್ಯಾಲಿನ್‌ಸ್ಟಾನ್ ಎಂದರೆ ಗ್ಯಾಲಿಯಂ, ಇಂಡಿಯಂ ಮತ್ತು ತವರದ ಮಿಶ್ರಲೋಹ. ಗ್ಯಾಲಿಯಂ ಒಂದೇ ಇದ್ದರೆ ಸುಮಾರು 30 ಡಿಗ್ರಿಯ ಕೆಳಗೆ ಗಟ್ಟಿಯಾಗಿಬಿಡುತ್ತದೆ. ಉಳಿದೆರಡು ಸೇರಿದಾಗಲೇ ತಂಪಿನಲ್ಲೂ ದ್ರವವಾಗಿ ಉಳಿಯುತ್ತದೆ. ಇದು ಗಾಜಿಗೆ ಅಂಟುವುದರಿಂದ ನಳಿಗೆಯ ಒಳಮೈಗೆ ಗ್ಯಾಲಿಯಂ ಆಕ್ಸೈಡಿನ ಲೇಪ ಕೊಡುತ್ತಾರೆ. ಸಾಂದ್ರತೆ ಪಾದರಸದ ಅರ್ಧದಷ್ಟೇ ಇರುವುದರಿಂದ ಕೊಡವಿದಾಗ ಸುಲಭವಾಗಿ ಇಳಿಯುವುದಿಲ್ಲ. ಮೇಲ್ತುದಿಯನ್ನು ಬಿಗಿಯಾಗಿ ಹಿಡಿದು, ಮಣಿಕಟ್ಟನ್ನು ಝಾಡಿಸಿ ಬೀಸಬೇಕು. ಇಳಿಯಲಿಲ್ಲವೆಂದು ಥರ್ಮಾಮೀಟರು ಕೆಟ್ಟಿದೆ ಎನ್ನುವವರಿಗೆ ನಾನು ಮೊದಲು ಇದನ್ನೇ ಮಾಡಿ ತೋರಿಸುತ್ತೇನೆ.

ಒಡೆದಾಗಲಂತೂ ಎರಡರ ದಾರಿಯೂ ಬೇರೆ. ಪಾದರಸದ ಹನಿಗಳು ಉರುಳಿ ಸಂದುಗೊಂದಿ ಸೇರಿ ವಿಷದ ಆವಿ ಬಿಡುತ್ತವೆ. ಕಿಟಕಿ ತೆರೆದು, ಕೈಗವಸು ತೊಟ್ಟು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳದ ಬಾಟಲಿಗೆ ಹಾಕುತ್ತೇನೆ, ಪೊರಕೆ ಮುಟ್ಟಿಸುವುದಿಲ್ಲ. ಗ್ಯಾಲಿನ್‌ಸ್ಟಾನಿನಿಂದ ಅಂಥ ಆವಿಯ ಭಯವಿಲ್ಲ, ಆದರೆ ಬಿದ್ದಲ್ಲೇ ಬೂದುಬಣ್ಣದ ಕಲೆಯಾಗಿ ಮೆತ್ತಿಕೊಳ್ಳುತ್ತದೆ. ಒರೆಸುವ ಮುನ್ನ ಅಕ್ಕಪಕ್ಕದ ಅಲ್ಯೂಮಿನಿಯಂ ವಸ್ತುಗಳನ್ನು ದೂರ ಸರಿಸುತ್ತೇನೆ: ಗ್ಯಾಲಿಯಂ ಆ ಲೋಹದ ಕಣಗಳ ನಡುವೆ ನುಸುಳಿ ಅದನ್ನು ಪುಡಿಪುಡಿಯಾಗುವಷ್ಟು ಪೆಡಸು ಮಾಡುತ್ತದೆ.