ನಾಲ್ಕು ಬಾಡಿಗೆ ಸಂಸಾರಗಳಿರುವ ಹಳೆಯ ಹೆಂಚಿನ ಮನೆಯನ್ನು ಕೊಡಗಿನಲ್ಲಿ ಕೊಳ್ಳುವ ಮುನ್ನ

ಒಂದೇ ಮಾಡಿನಡಿ ನಾಲ್ಕು ಸಂಸಾರಗಳು ಬಾಡಿಗೆಗಿರುವ ಹಳೆಯ ಹೆಂಚಿನ ಮನೆ ಮಾರಾಟಕ್ಕೆ ಬಂದರೆ ಎಲ್ಲರೂ ಮೊದಲು ವಿಚಾರಿಸುವುದು ತಿಂಗಳ ಬಾಡಿಗೆಯನ್ನು. ಮಡಿಕೇರಿಯಂತಹ ಊರಿನಲ್ಲಿ ಆ ಪ್ರಶ್ನೆ ಕೊನೆಗಿರಲಿ. ಮೊದಲು ಮನೆಯ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರನ್ನು ನೋಡಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತ ಮನೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಸಾಧ್ಯವಾದರೆ ಜುಲೈ ತಿಂಗಳಲ್ಲಿ ಮಳೆ ಹಿಡಿದಿರುವಾಗಲೇ ಹೋಗಿ, ತಡೆಗೋಡೆಯ ತೂತುಗಳಿಂದ ನೀರು ಬರುತ್ತಿದೆಯೇ, ಬರುವ ನೀರು ತಿಳಿಯಾಗಿದೆಯೇ ಅಥವಾ ಮಣ್ಣು ಕದಡಿಕೊಂಡು ಬರುತ್ತಿದೆಯೇ ಎಂಬುದನ್ನು ನಿಂತು ನೋಡಬೇಕು. ನಾನು ನೋಡಿದ ಒಂದು ಮನೆಯ ಹಿಂಬದಿಯ ಅಡುಗೆಮನೆಗೆ ಹೊಸ ಸುಣ್ಣ ಬಳಿದಿದ್ದರು. ಅಕ್ಕಿ ಡಬ್ಬಗಳಿದ್ದ ಕಪಾಟನ್ನು ಸರಿಸಿದಾಗ ಬೆರಳು ತೂರುವಷ್ಟು ಅಗಲದ ಬಿರುಕು ನೆಲದಿಂದ ಸೂರಿನವರೆಗೂ ಹೋಗಿತ್ತು. ಆದ್ದರಿಂದ ಸಾಮಾನು ಸರಿಸಿ ನೋಡಲು ಸಂಕೋಚಪಡಬಾರದು. ಕುಶಾಲನಗರದ ಕಡೆಯಾದರೆ 2018 ಮತ್ತು 2019ರಲ್ಲಿ ಕಾವೇರಿ ಎಲ್ಲಿಯವರೆಗೆ ಏರಿತ್ತೆಂದು ಅಕ್ಕಪಕ್ಕದವರನ್ನೇ ಕೇಳಬೇಕು.

ನಂತರ ಕಾಗದಪತ್ರಗಳು. ಜಾಗ ಜಮ್ಮಾ ಬಾಣೆಯಾಗಿದ್ದರೆ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಮಾರುವವರೊಬ್ಬರ ಸಹಿ ಸಾಲದೆ ಹೋಗಬಹುದು; ಒಕ್ಕದಲ್ಲಿ, ಅಂದರೆ ಆ ಮನೆತನದಲ್ಲಿ, ಹಕ್ಕುಳ್ಳವರೆಲ್ಲರ ಒಪ್ಪಿಗೆಯಿದೆಯೇ, ಮನೆಯಿರುವ ಜಾಗಕ್ಕೆ ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆಯಾಗಿದೆಯೇ ಎಂಬುದನ್ನು ಸ್ಥಳೀಯ ಭೂದಾಖಲೆ ಬಲ್ಲ ವಕೀಲರಿಂದಲೇ ಪರಿಶೀಲಿಸಿಕೊಳ್ಳಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆಯ) ನಮೂನೆ ಹಾಗೂ ಋಣಭಾರ ಪ್ರಮಾಣಪತ್ರಗಳನ್ನು ಪಡೆಯಬೇಕು. ಒಂದೇ ಸಂಸಾರಕ್ಕೆಂದು ಕಟ್ಟಿ ಆಮೇಲೆ ನಾಲ್ಕು ಪಾಲು ಮಾಡಿದ ಮನೆಗಳಲ್ಲಿ ವಿದ್ಯುತ್ ಮೀಟರ್ ಒಂದೇ ಇದ್ದು, ನಾಲ್ಕು ಸಂಸಾರಗಳಿಗೂ ಒಂದೇ ಶೌಚಗುಂಡಿ ಇರುವುದುಂಟು; ಇವನ್ನು ಸರಿಪಡಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಬೇಕು.

ಇವೆಲ್ಲ ಸರಿಯಿದ್ದರೆ ಲೆಕ್ಕಕ್ಕೆ ಕೂರಬಹುದು. ಉದಾಹರಣೆಗೆ, ಪ್ರತಿ ಪಾಲಿಗೆ ₹7,000ದಂತೆ ವರ್ಷಕ್ಕೆ ₹3,36,000 ಬರುತ್ತದೆಂದುಕೊಳ್ಳೋಣ. ಒಂದು ಪಾಲು ಎರಡು ತಿಂಗಳು ಖಾಲಿ ಬಿದ್ದರೆ ₹14,000 ಹೋಗುತ್ತದೆ. ಕಂದಾಯ, ನೀರು, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಗೆದ್ದಲು ತಿಂದ ಪಟ್ಟಿಗಳನ್ನು ಬದಲಿಸುವುದು ಎಲ್ಲ ಸೇರಿ ₹72,000 ಆದರೆ ಉಳಿಯುವುದು ₹2,50,000. ನೋಂದಣಿ, ದುರಸ್ತಿಯೂ ಸೇರಿ ₹65 ಲಕ್ಷ ಹಾಕಿದ್ದರೆ ಅದು ಶೇ. 4ಕ್ಕಿಂತ ಕಡಿಮೆ. ಸಾಲದ ಬಡ್ಡಿಗೂ ಸಾಲದ ಈ ಆದಾಯಕ್ಕಾಗಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಬೆಲೆ ಇಳಿಸಲು ಕೇಳಬೇಕು.

ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆದಾರರ ಕರಾರು ಮುಗಿಯುವುದಿಲ್ಲ. ನಾಲ್ಕೂ ಮನೆಯವರೊಂದಿಗೆ ಬೇರೆಬೇರೆಯಾಗಿ ಮಾತನಾಡಿ, ಕೊಟ್ಟಿರುವ ಮುಂಗಡವೆಷ್ಟೆಂದು ಬರವಣಿಗೆಯಲ್ಲಿ ಪಡೆದು, ಆ ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಂಡ ಮೇಲೆಯೇ ಕ್ರಯಪತ್ರಕ್ಕೆ ಸಹಿ ಹಾಕಬೇಕು.