ಸಂತರ ಅವಶೇಷ ಊರಿಗೆ ಬಂದಾಗ: ಮುದ್ರೆ, ಮೊಬೈಲ್, ಫಾರ್ವರ್ಡ್

ಕಲಬುರಗಿ, ಬೀದರ್ ಅಥವಾ ಯಾದಗಿರಿಯ ಯಾವುದೇ ಕ್ಯಾಥೋಲಿಕ್ ಧರ್ಮಕೇಂದ್ರಕ್ಕೆ (ಚರ್ಚಿಗೆ) ಸಂತರ ಅವಶೇಷ, ಅಂದರೆ ಅವರ ದೇಹದ ಅಥವಾ ಉಡುಪಿನ ತುಣುಕು, ಬರುತ್ತದೆ ಎಂದಾಗ ಪೆಂಡಾಲಿನ ಲೆಕ್ಕ ಹಾಕುವ ಮೊದಲು ಅದರ ಪ್ರಮಾಣಪತ್ರವನ್ನು ನೋಡಬೇಕು. ಅವಶೇಷವಿರುವ ಪುಟ್ಟ ಡಬ್ಬಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಕೆಂಪು ದಾರವನ್ನು ಅಡ್ಡಲಾಗಿ ಕಟ್ಟಿ, ಅದರ ಮೇಲೆ ಅರಗಿನ ಮುದ್ರೆ ಒತ್ತಿರುತ್ತಾರೆ. ಗಾಜಿನೊಳಗಿನ ಚೀಟಿಯಲ್ಲಿ ಅದು ಮೂಳೆಯ ಚೂರೋ ಉಡುಪಿನ ತುಣುಕೋ ಎಂಬುದನ್ನು ಲ್ಯಾಟಿನ್‌ನಲ್ಲಿ ಬರೆದಿರುತ್ತಾರೆ. ಧರ್ಮಸಭೆಯ (ಕ್ಯಾಥೋಲಿಕ್ ಚರ್ಚ್ ಸಂಸ್ಥೆಯ) ಅಧಿಕಾರಿಗಳ ಪ್ರಮಾಣಪತ್ರವಿಲ್ಲದ ಅವಶೇಷವನ್ನು ಭಕ್ತರ ವಂದನೆಗೆ ಇಡಬಾರದೆಂದು ವ್ಯಾಟಿಕನ್ 2017ರಲ್ಲಿ ಸೂಚಿಸಿದೆ. ದಾರ ಕಡಿದಿದ್ದರೆ ಅಥವಾ ಪತ್ರ ಕಾಣದಿದ್ದರೆ, 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಕ್ಷೇತ್ರದ (ಬಿಷಪರ ಆಡಳಿತ ವ್ಯಾಪ್ತಿಯ) ಕಾರ್ಯಾಲಯಕ್ಕೆ ತಿಳಿಸಿ, ಉತ್ತರ ಬರುವವರೆಗೆ ಕಾಯಬೇಕು.

ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬಾರದು. ಅವಶೇಷಗಳ ಮಾರಾಟವನ್ನು ಧರ್ಮಸಭೆಯ ಕಾನೂನಿನ 1190ನೆಯ ವಿಧಿ ಸಂಪೂರ್ಣವಾಗಿ ನಿಷೇಧಿಸುತ್ತದೆ. ಹೀಗಿದ್ದರೂ ಹದಿಹರೆಯದಲ್ಲೇ ತೀರಿಕೊಂಡ, ಈಗ ಸಂತನಾಗಿರುವ ಇಟಲಿಯ ಕಾರ್ಲೊ ಅಕೂತಿಸ್‌ನದೆಂದು ಹೇಳಲಾದ ತಲೆಗೂದಲು 2025ರಲ್ಲಿ ಆನ್‌ಲೈನ್ ಹರಾಜಿಗೆ ಬಂದು, ಅಸ್ಸೀಸಿಯ ಧರ್ಮಾಧ್ಯಕ್ಷರು (ಬಿಷಪರು) ಇಟಲಿಯ ಅಧಿಕಾರಿಗಳಿಗೆ ದೂರು ಕೊಡಬೇಕಾಯಿತು. ಕಂಪ್ಯೂಟರನ್ನು ಬಹಳ ಇಷ್ಟಪಡುತ್ತಿದ್ದ ಆ ಹುಡುಗ ವಿಡಿಯೊ ಗೇಮಿಗೆ ಮಾತ್ರ ತಾನೇ ಮಿತಿ ಹಾಕಿಕೊಂಡಿದ್ದ. ಅವನ ಅವಶೇಷದ ಮುಂದೆ ನಿಂತು ಸೆಲ್ಫಿ ತೆಗೆಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಆದ್ದರಿಂದ ಫೋಟೊ ತೆಗೆಯುವ ಕೆಲಸವನ್ನು ಒಬ್ಬರಿಗೇ ಒಪ್ಪಿಸಿ, ಬಲಿಪೂಜೆಗೆ (ಮಾಸ್‌ಗೆ) ಮುಂಚೆ ಅದನ್ನು ಮುಗಿಸಿ, ಉಳಿದವರ ಮೊಬೈಲ್‌ಗಳನ್ನು ಬಂದ್ ಮಾಡಿಸಬೇಕು. ಅವಶೇಷವನ್ನು ಬಲಿಪೀಠದ ಮೇಲಿಡದೆ ಪಕ್ಕದ ಮೇಜಿನ ಮೇಲಿಡಬೇಕು. ಆರಾಧನೆ ದೇವರೊಬ್ಬನಿಗೇ, ಸಂತರಿಗೆ ಸಲ್ಲುವುದು ಗೌರವ ಎಂಬ ಭೇದವನ್ನು 787ರಲ್ಲಿ ಧರ್ಮಾಧ್ಯಕ್ಷರು ಸೇರಿದ ಎರಡನೆಯ ನೈಸಿಯ ಮಹಾಸಭೆಯ ಕಾಲದಿಂದಲೂ ಧರ್ಮಸಭೆ ಕಾಯ್ದುಕೊಂಡಿದೆ. ಶರಣಬಸವೇಶ್ವರರ ಜಾತ್ರೆಯನ್ನೂ ಬಂದೇ ನವಾಜರ ಉರುಸನ್ನೂ ಕಂಡ ನಮ್ಮ ಭಾಗದ ನೆರೆಹೊರೆಯವರಿಗೆ ಸಂತರ ಮೇಲಿನ ಗೌರವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವರ ಗದ್ದುಗೆಯನ್ನೋ ಮಜಾರನ್ನೋ ಹೀಯಾಳಿಸುವ ವಿಡಿಯೊವನ್ನು ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಹಾಕಿದವರು ಯಾವ ಮುಖದಿಂದ ಅವಶೇಷಕ್ಕೆ ತಲೆಬಾಗುತ್ತಾರೆ?

ಅಂಥ ಸಂದೇಶಕ್ಕೂ ಅವಶೇಷದ ಡಬ್ಬಿಗೆ ಹಾಕಿದ ಪ್ರಶ್ನೆಯನ್ನೇ ಹಾಕಬೇಕು: ಇದನ್ನು ಕಳಿಸಿದವರು ಯಾರು, ಯಾರ ಸಹಿ ಇದೆ, ಮಧ್ಯದಲ್ಲಿ ಎಲ್ಲಿ ಕತ್ತರಿಸಲಾಗಿದೆ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬಾರದು. ಅದು ನಮ್ಮ ಪರವಾಗಿಯೇ ಮಾತಾಡುತ್ತಿದ್ದರೆ ಇನ್ನಷ್ಟು ಅನುಮಾನ ಪಡಬೇಕು. ಬೈಬಲಿನ ಆದಿಕಾಂಡದ ಸರ್ಪವೇ ಮೊದಲ ಸುಳ್ಳುಸುದ್ದಿಯನ್ನು ಹುಟ್ಟಿಸಿತೆಂದು ಪೋಪ್ ಫ್ರಾನ್ಸಿಸ್ 2018ರಲ್ಲಿ ಹೇಳಿದ್ದರು. ಕ್ಯಾಥೋಲಿಕ್ ಮಾಧ್ಯಮಗಳಲ್ಲೂ ಮಿತಿ ಮೀರಿದ ನಿಂದೆ ನಡೆಯುತ್ತದೆಂದು 2020ರ ‘ಫ್ರಾತೆಲ್ಲಿ ತುತ್ತಿ’ ಪತ್ರದಲ್ಲಿ ಎಚ್ಚರಿಸಿದ್ದೂ ಅವರೇ. ಆ ಎಚ್ಚರಿಕೆ ನಮ್ಮ ಗುಂಪಿನ ಅಡ್ಮಿನ್‌ಗಳಿಗೂ ಸೇರಿದೆ. ಅವಶೇಷ ಊರಲ್ಲಿರುವ ದಿನಗಳಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬದಲಿಸಿ, ಪ್ರಾರ್ಥನೆಯ ವೇಳಾಪಟ್ಟಿಯನ್ನಷ್ಟೇ ಹಾಕಬೇಕು.

ಚುನಾವಣೆಯ ಸಮಯವಾಗಿದ್ದರೆ ಅಭ್ಯರ್ಥಿಗಳು ಬಂದೇ ಬರುತ್ತಾರೆ. ಅವರು ಎಲ್ಲರ ಜೊತೆ ಸರದಿಯಲ್ಲಿ ನಿಂತು ವಂದಿಸಲಿ. ಯಾವ ಪಕ್ಷದವರಿಗೂ ಮೈಕ್ ಕೊಡಬಾರದು, ಶಾಲು ಹೊದಿಸಬಾರದು.